ಹನ್ನೆರಡರಲ್ಲಿ ಏಳನೆಯದು

ನಮ್ಮವರೂ ನನ್ನ ತಮ್ಮನೂ ಮಾತು ಬಿಟ್ಟು ನಾಲ್ಕು ವರ್ಷವಾಗಿತ್ತು. ಆದರೂ ಇಬ್ಬರೂ ಫೋಟೊ ತೆಗೆಯುತ್ತಿದ್ದುದು ಒಂದೇ ಕ್ಯಾಮರಾದಲ್ಲಿ, ಒಂದೇ ರೋಲಿನಲ್ಲಿ. ಅದು ಹೇಗೆ ಎಂದು ಯಾರಾದರೂ ಕೇಳಿದರೆ, ಮಧ್ಯೆ ನಾನಿದ್ದೇನಲ್ಲ, ಎರಡೆರಡು ಬಸ್ಸು ಹತ್ತಿ ಇಳಿಯುವುದಕ್ಕೆ, ಎನ್ನುತ್ತಿದ್ದೆ.

ಜಗಳ ಹುಟ್ಟಿದ್ದೇ ಕ್ಯಾಮರಾದಿಂದ. ಅದು ನಮ್ಮ ಅಪ್ಪನದು. ಎರಡು ಲೆನ್ಸಿನ, ಹೊಟ್ಟೆಯ ಹತ್ತಿರ ಹಿಡಿದು ಮೇಲಿನಿಂದ ಬಗ್ಗಿ ನೋಡುವ ಹಳೆಯ ಪೆಟ್ಟಿಗೆ. ನಲವತ್ತು ವರ್ಷ ಸ್ಟುಡಿಯೊ ನಡೆಸಿದ ಅಪ್ಪ ಕೊನೆಗಾಲದಲ್ಲಿ ಅದನ್ನು ಅಳಿಯನ ಕೈಗಿಟ್ಟು, ಇದು ನಿನಗೆ ಎಂದರು. ಮೂರು ದಿನ ಬಿಟ್ಟು ಮಗನನ್ನು ಕರೆದು, ಇದು ನಿನಗೆ ಎಂದರು. ಯಾರಿಗೂ ಇಲ್ಲ ಎನ್ನಲು ಬಾರದ ಮನುಷ್ಯ. ನನಗೆ ಹೇಳಿದ್ದು ಮಾತ್ರ, ಕೊಡುವ ಮೊದಲು ಲೆನ್ಸ್ ಒರೆಸಿ ಕೊಡಮ್ಮ ಎಂದು. ಹತ್ತನೆಯ ವಯಸ್ಸಿನಿಂದ ಆ ಕ್ಯಾಮರಾಕ್ಕೆ ರೋಲ್ ತುಂಬುತ್ತಿದ್ದವಳು ನಾನು. ಆವತ್ತು ಹಲ್ಲು ಕಚ್ಚಿಕೊಂಡು ಒರೆಸಿದೆ. ಅಪ್ಪನ ಮೇಲಿನ ಆ ಸಿಟ್ಟು ಇನ್ನೂ ಪೂರ್ತಿ ಹೋಗಿಲ್ಲ ಎಂದರೆ ಸುಳ್ಳಲ್ಲ.

ಅಪ್ಪ ಹೋದ ಮೇಲೆ ಅಳಿಯ ನನ್ನದು ಎಂದರು, ಮಗ ನನ್ನದು ಎಂದ. ಆಮೇಲೆ ಇಬ್ಬರೂ ಬಾಯಿಗೆ ಬೀಗ ಹಾಕಿಕೊಂಡರು.

ಕ್ಯಾಮರಾ ಒಂದೇ ಆದರೂ ರೋಲುಗಳು ಬೇಕಾದಷ್ಟು ಸಿಕ್ಕಿದ್ದರೆ ಹೇಗೋ ನಡೆಯುತ್ತಿತ್ತು. ಒಂದು ವಾರ ನಿನ್ನದು, ಒಂದು ವಾರ ನನ್ನದು ಎನ್ನಬಹುದಿತ್ತು. ಆದರೆ ಈಗ ಆ ಅಗಲ ಫಿಲ್ಮು, ಹಿಂದೆ ಕಾಗದ ಸುತ್ತಿದ, ಹನ್ನೆರಡು ಚೌಕ ಚಿತ್ರ ಬರುವ ಕಪ್ಪು ಬಿಳುಪಿನ ರೋಲು ಸಿಗುವುದು ಅಪರೂಪ. ಇಡೀ ಊರಿಗೆ ಅದನ್ನು ಮಾರುವ ಅಂಗಡಿ ಒಂದು. ಅದರ ಯಜಮಾನರಿಗೆ ನಾನಿಟ್ಟ ಹೆಸರು ‘ಮುಂದಿನ ವಾರ’. ಯಾವಾಗ ಹೋಗಿ ಕೇಳಿದರೂ ಅವರ ಬಾಯಿಂದ ಬರುವುದು ಅದೇ ಎರಡು ಪದ. ಹೊರದೇಶದಿಂದ ಎರಡು ತಿಂಗಳಿಗೊಮ್ಮೆ ಒಂದು ಪುಟ್ಟ ಪೊಟ್ಟಣ ಬರುತ್ತದೆ, ಅವರ ಪಟ್ಟಿಯಲ್ಲಿ ಒಂಬತ್ತು ಕ್ಯಾಮರಾಗಳಿವೆ.

ಹೌದು, ಜನರಲ್ಲ, ಕ್ಯಾಮರಾಗಳು. ಜನರನ್ನು ನಂಬಿ ಅವರು ಕೆಟ್ಟಿದ್ದಾರಂತೆ. ಮನೆಮಂದಿಯನ್ನೆಲ್ಲ ಕಳಿಸಿ ರೋಲು ಗುಡ್ಡೆ ಹಾಕಿಕೊಂಡವರಿದ್ದಾರೆ. ಹಾಗಾಗಿ ಒಂದು ಕ್ಯಾಮರಾಕ್ಕೆ ಒಂದೇ ರೋಲು, ಕ್ಯಾಮರಾ ತಂದು ತೋರಿಸಬೇಕು. ಅಷ್ಟೇ ಅಲ್ಲ, ಹಿಂದಿನ ರೋಲಿನಲ್ಲಿ ಏನು ತೆಗೆದಿರಿ ಎಂದು ಹನ್ನೆರಡೂ ಚಿತ್ರಗಳನ್ನು ಒಟ್ಟಿಗೆ ಅಚ್ಚು ಹಾಕಿದ ಹಾಳೆಯನ್ನೂ ತೋರಿಸಬೇಕು. ಹಾಳುಮಾಡಿದವರಿಗೆ ಮುಂದಿನ ವಾರ ಬರುವುದೇ ಇಲ್ಲ. ನಮ್ಮವರು ಒಮ್ಮೆ ಬುದ್ಧಿವಂತಿಕೆ ತೋರಿಸಲು ಹೋಗಿ ಪಕ್ಕದ ಮನೆಯವರ ಕ್ಯಾಮರಾ ಹಿಡಿದು ಹೋಗಿದ್ದರು. ಯಜಮಾನರು ಅದನ್ನು ಕಿವಿಯ ಹತ್ತಿರ ತಂದು ಒಂದು ಸಲ ಕ್ಲಿಕ್ ಮಾಡಿ, ಇದರ ಶಟರ್ ಸತ್ತು ಹದಿನೈದು ವರ್ಷವಾಯಿತು, ಇದಕ್ಕೆ ರೋಲು ಯಾಕೆ ಎಂದು ಕೇಳಿ ವಾಪಸು ಕಳಿಸಿದ್ದರು.

ಕೊನೆಗೆ ನಾನೇ ಪಂಚಾಯಿತಿ ಮಾಡಿದೆ. ಮೊದಲ ಆರು ಇವರಿಗೆ, ಕೊನೆಯ ಆರು ತಮ್ಮನಿಗೆ. ತೊಳೆಯುವ ಸಾಮಾನೆಲ್ಲ ತಮ್ಮನ ಮನೆಯಲ್ಲಿರುವುದರಿಂದ ಫಿಲ್ಮು ತೊಳೆದು ಹಾಳೆ ಅಚ್ಚು ಹಾಕುವುದು ಅವನು. ಒಂದು ಹಾಳೆ ಅವನಿಗೆ, ಒಂದು ನಮಗೆ. ಕ್ಯಾಮರಾದ ಬೆನ್ನಿನಲ್ಲಿ ಒಂದು ಕೆಂಪು ಕಿಟಕಿ ಇದೆ, ಉಗುರಿನಷ್ಟು. ರೋಲು ತಿರುಗಿಸಿದಂತೆ ಅದರಲ್ಲಿ ಅಂಕಿ ಕಾಣುತ್ತದೆ. ಇವರು ಆರು ತೆಗೆದು ಏಳಕ್ಕೆ ತಿರುಗಿಸಿ ಕೊಡಬೇಕು. ತಮ್ಮ ಕಿಟಕಿಯಲ್ಲಿ ಏಳು ನೋಡಿಯೇ ಇಸಿದುಕೊಳ್ಳಬೇಕು. ಹೊತ್ತು ಸಾಗಿಸುವುದು ನನ್ನ ಕೆಲಸ. ಇಬ್ಬರಿಗೂ ಇದರಲ್ಲಿ ಕೊಂಕು ಹುಡುಕಲಾಗಲಿಲ್ಲ. ನನಗೇನು ಎಂದು ಇಬ್ಬರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಸುಳ್ಳು ಯಾಕೆ ಹೇಳಲಿ, ಈ ಓಡಾಟ ನನಗೆ ಇಷ್ಟವಿತ್ತು. ಇದೊಂದು ನೆಪವಿಲ್ಲದಿದ್ದರೆ ತಮ್ಮನ ಮನೆಗೆ ಹೊರಟಾಗಲೆಲ್ಲ ಇವರ ಮುಖ ಗಂಟಾಗುತ್ತಿತ್ತು. ಅಲ್ಲಿಂದ ವಾಪಸು ಹೊರಟರೆ ಅವನ ಮುಖ ಗಂಟಾಗುತ್ತಿತ್ತು. ಕ್ಯಾಮರಾ ಕೈಯಲ್ಲಿದ್ದರೆ ಎರಡೂ ಕಡೆ ಬಾಗಿಲು ತೆಗೆದು ನಗುತ್ತಿದ್ದರು, ಕ್ಯಾಮರಾವನ್ನು ನೋಡಿ.

ಇಬ್ಬರ ಫೋಟೊಗಳ ವಿಷಯ ಹೇಳಬೇಕು. ನಮ್ಮವರಿಗೆ ಮನುಷ್ಯರೆಂದರೆ ಆಗದು. ಮೆಟ್ಟಿಲಿನ ನೆರಳು, ಕಂಬದ ನೆರಳು, ನೀರಿನ ತೊಟ್ಟಿಯ ನೆರಳು. ಮನೆಯಲ್ಲಿ ಅದನ್ನು ಕಲೆ ಎನ್ನಬೇಕು. ತಮ್ಮನಿಗೆ ಮನುಷ್ಯರೇ ಬೇಕು, ಆದರೆ ಅಲ್ಲಾಡಬಾರದು. ಕುರ್ಚಿಯಲ್ಲಿ ಕೂರಿಸಿ ಗದ್ದ ಎತ್ತಿಸಿ ಇಳಿಸಿ, ಕೊನೆಗೆ ಎಲ್ಲರ ಮುಖದಲ್ಲೂ ಹಲ್ಲುನೋವು. ಒಬ್ಬರ ಆರು ಚಿತ್ರ ನೋಡಿ ಇನ್ನೊಬ್ಬರು ಮೂಗು ಮುರಿಯುತ್ತಿದ್ದುದನ್ನು ನಾನು ಎರಡೂ ಮನೆಯಲ್ಲಿ ಕೇಳಿದ್ದೇನೆ. ಒಂದು ಮನೆಯದನ್ನು ಇನ್ನೊಂದು ಮನೆಗೆ ಎಂದೂ ಮುಟ್ಟಿಸಿಲ್ಲ.

ಹನ್ನೊಂದು ರೋಲು ಹೀಗೇ ಹೊತ್ತೆ. ಹನ್ನೆರಡನೆಯದರಲ್ಲಿ ಕೈ ಜಾರಿತು.

ಆವತ್ತು ಎರಡನೆಯ ಬಸ್ಸು ತಪ್ಪಿ ನಡೆದೇ ಹೊರಟಿದ್ದೆ. ವಾರದ ರಜೆ, ಬೀದಿಯ ಅಂಗಡಿಗಳೆಲ್ಲ ಮುಚ್ಚಿದ್ದವು. ಎದುರುಬದುರು ಎರಡು ಕ್ಷೌರದ ಅಂಗಡಿಗಳಿವೆ ಅಲ್ಲಿ. ಆ ಇಬ್ಬರೂ ಗಿರಾಕಿಗಳನ್ನು ಕೂಗಿ ಕರೆಯುವ ಪೈಪೋಟಿಯನ್ನು ಆ ಬೀದಿಯಲ್ಲಿ ಕೇಳದವರಿಲ್ಲ. ಒಂದು ಅಂಗಡಿಯ ಬಾಗಿಲು ಅರ್ಧ ತೆರೆದಿತ್ತು. ಒಳಗೆ ನೋಡಿದರೆ, ಈ ಅಂಗಡಿಯವನು ತನ್ನದೇ ಕುರ್ಚಿಯಲ್ಲಿ ಒರಗಿದ್ದಾನೆ, ಆ ಅಂಗಡಿಯವನು ಅವನಿಗೆ ಕ್ಷೌರ ಮಾಡುತ್ತಿದ್ದಾನೆ. ಮುಖದ ತುಂಬ ನೊರೆ, ಬಾಯಿ ತೆರೆಯುವಂತಿಲ್ಲ, ಆದರೂ ಒರಗಿದವನು ಒಂದು ಬೆರಳೆತ್ತಿ, ಹಾಗಲ್ಲ ಹೀಗೆ ಎಂದು ಪಾಠ ಹೇಳುತ್ತಿದ್ದಾನೆ. ಕತ್ತಿ ಹಿಡಿದವನು ಬೆರಳನ್ನು ನೋಡದಂತೆ ಚಾವಣಿಯತ್ತ ಮುಖ ಮಾಡಿ ನಿಂತಿದ್ದಾನೆ.

ನಾನು ಯೋಚಿಸಲೇ ಇಲ್ಲ. ಕ್ಯಾಮರಾದ ಮುಚ್ಚಳ ತೆರೆದೆ, ಬಗ್ಗಿದೆ, ಬೆಳಕು ನೋಡಿ ಗುಂಡಿ ತಿರುಗಿಸಿದೆ, ಉಸಿರು ಹಿಡಿದೆ, ಒತ್ತಿದೆ. ರೂಢಿಯಂತೆ ಕೈ ರೋಲನ್ನೂ ತಿರುಗಿಸಿತು, ಕಿಟಕಿಯಲ್ಲಿ ಏಳು ಹೋಗಿ ಎಂಟು ಬಂತು. ಅಷ್ಟಾದ ಮೇಲೆ ಮಾಡಿದ್ದೇನೆಂದು ಹೊಳೆಯಿತು. ಉಳಿದ ದಾರಿಯುದ್ದಕ್ಕೂ ಕ್ಯಾಮರಾವನ್ನು ಚೀಲದಲ್ಲಿ ಒತ್ತಿ ಹಿಡಿದು ಓಡಿದ ಹಾಗೇ ನಡೆದೆ. ಭಯ ಎಷ್ಟಿತ್ತೋ ಖುಷಿಯೂ ಅಷ್ಟೇ ಇತ್ತು.

ತಮ್ಮ ಕಿಟಕಿಯಲ್ಲಿ ಎಂಟು ನೋಡಿದ. ಮತ್ತೆ ಕನ್ನಡಕ ಹಾಕಿಕೊಂಡು ನೋಡಿದ. ನಿನ್ನ ಗಂಡ ನನ್ನದೊಂದು ನುಂಗಿದ್ದಾರೆ ಎಂದ. ಆಗಲೇ ಹೇಳಬೇಕಿತ್ತು. ಕೇಳಿ ನೋಡು ಎಂದುಬಿಟ್ಟೆ. ಮಾತು ಬಿಟ್ಟವನು ಏನಂತ ಕೇಳುತ್ತಾನೆ? ಹೊಟ್ಟೆಯಲ್ಲಿ ಇಟ್ಟುಕೊಂಡು ಐದೇ ತೆಗೆದ.

ಹಾಳೆ ಅಚ್ಚಾದ ದಿನ ಅವನು ಏಳನೆಯ ಚಿತ್ರದ ಮೇಲೆ ಭೂತಗನ್ನಡಿ ಇಟ್ಟು ಬಹಳ ಹೊತ್ತು ಕೂತ. ಕದ್ದದ್ದು ಕದ್ದದ್ದೇ, ಆದರೆ ನಿನ್ನ ಗಂಡನಿಗೆ ಇದನ್ನೆಲ್ಲ ತೆಗೆಯಲು ಯಾವಾಗ ಬಂತು ಎಂದು ಕೇಳಿದ. ದನಿಯಲ್ಲಿ ಹೊಟ್ಟೆಕಿಚ್ಚು ಎದ್ದು ಕಾಣುತ್ತಿತ್ತು. ಮನೆಗೆ ತಂದರೆ ಇವರೂ ಅದೇ ಚಿತ್ರದ ಮುಂದೆ ಕೂತರು. ತಾವು ತೆಗೆದ ಆರು ಮುಗಿದ ಮೇಲಿನದು, ಅಂದರೆ ಅವನದೇ ಎಂದು ಇವರ ಎಣಿಕೆ. ನಿನ್ನ ತಮ್ಮ ಕೊನೆಗೂ ಒಂದು ತೆಗೆದ ಎಂದು ಹೇಳಿ, ಊಟಕ್ಕೆ ಎರಡು ಸಲ ಕರೆದರೂ ಏಳಲಿಲ್ಲ. ನಾನು ಅಡುಗೆಮನೆಯಲ್ಲಿ ನಿಂತು ಒಬ್ಬಳೇ ನಕ್ಕೆ. ಜೀವನದಲ್ಲಿ ಅಷ್ಟು ಹೊಗಳಿಸಿಕೊಂಡಿದ್ದು ಅದೇ ಮೊದಲು, ಅದೂ ಇನ್ನೊಬ್ಬರ ಹೆಸರಿನಲ್ಲಿ.

ಮುಂದಿನ ರೋಲಿಗೆ ಹೋದಾಗ ‘ಮುಂದಿನ ವಾರ’ ರೋಲು ಕೊಡದೆ ಹಾಳೆಯನ್ನು ಇಟ್ಟುಕೊಂಡರು. ಫಿಲ್ಮು ಕಳಿಸುವವರು ಈ ಸಲ ಐದು ರೋಲಿನ ಒಂದು ಪೊಟ್ಟಣ ಹೆಚ್ಚಿಗೆ ಕೊಟ್ಟಿದ್ದಾರಂತೆ. ಒಂಬತ್ತು ಕ್ಯಾಮರಾಗಳ ಹಾಳೆಗಳಲ್ಲಿ ಒಂದೇ ಒಂದು ಚಿತ್ರ ಆರಿಸಿ, ದೊಡ್ಡದು ಮಾಡಿ ಗೋಡೆಗೆ ಹಾಕಿ, ತೆಗೆದವರಿಗೆ ಆ ಐದೂ ಕೊಡುವುದೆಂದು ಅವರ ಯೋಚನೆ. ಅವರ ಕೆಂಪು ಪೆನ್ಸಿಲಿನ ಗುರುತು ಏಳರ ಮೇಲಿತ್ತು. ತೆಗೆದವರು ಬಂದು ಸಹಿ ಮಾಡಲಿ, ಮುಂದಿನ ವಾರ, ಎಂದರು.

ಐದು ರೋಲೆಂದರೆ ಅರವತ್ತು ಚಿತ್ರ. ಅಷ್ಟು ಯಾರ ಕೈಗೆ ಬಂದರೂ ಹಂಚಿಕೊಳ್ಳುವ ಗರಜೇ ಇರುವುದಿಲ್ಲ. ಹಂಚಿಕೆ ನಿಂತರೆ ನನ್ನ ಓಡಾಟವೂ ನಿಂತಂತೆ, ಎರಡು ಮನೆಯ ನಡುವಿನ ದಾರಿಯೂ ಮುಚ್ಚಿದಂತೆ. ನಾನೇ ತೆಗೆದದ್ದು ಎಂದರೆ ಕಳ್ಳಿಯ ಕೈಗೆ ಯಾರು ಕ್ಯಾಮರಾ ಕೊಡುತ್ತಾರೆ? ಹೇಳದೆ ಇದ್ದರೆ ನಾನು ತೆಗೆದ ಒಂದೇ ಒಂದು ಫೋಟೊ ಇನ್ನೊಬ್ಬರ ಹೆಸರು ಹೊತ್ತು ಗೋಡೆಯ ಮೇಲೆ ಇರುತ್ತದೆ. ವಾರವಿಡೀ ಸಾರಿಗೆ ಉಪ್ಪು ಹೆಚ್ಚೋ ಕಡಿಮೆಯೋ ಆಗುತ್ತಲೇ ಇತ್ತು.

ಇಬ್ಬರೂ ಬಂದರು. ಭಾವ ಯಾವ ಮುಖ ಇಟ್ಟುಕೊಂಡು ಸಹಿ ಮಾಡುತ್ತಾರೆ ನೋಡೋಣ ಎಂದು ತಮ್ಮ ಬಂದ. ಐದು ರೋಲು ಅವನಿಗಾದರೆ ಕ್ಯಾಮರಾ ಯಾರ ಮನೆಯಲ್ಲಿರಬೇಕು ಎಂದು ಇತ್ಯರ್ಥ ಮಾಡಿಕೊಳ್ಳಲು ಇವರು ಬಂದರು, ಕ್ಯಾಮರಾ ಹೆಗಲಿಗೆ ಹಾಕಿಕೊಂಡು. ಅಂಗಡಿಯ ಮೇಜಿನ ಎರಡು ತುದಿಯಲ್ಲಿ ಇಬ್ಬರು, ಮಧ್ಯೆ ನಾನು.

ಯಜಮಾನರು ಪುಸ್ತಕ ಮುಂದೆ ಸರಿಸಿ ಯಾರದು ಎಂದರು.

ಇವರು ನನ್ನ ತಮ್ಮನತ್ತ ಬೆರಳು ತೋರಿಸಿದರು. ಅದೇ ಹೊತ್ತಿಗೆ ಅವನು ಇವರತ್ತ ಬೆರಳು ತೋರಿಸಿದ.

ನಾಲ್ಕು ವರ್ಷದ ಮೌನ ಮುರಿದದ್ದು ತಮ್ಮ. “ಭಾವ, ನನ್ನ ಪಾಲಿಂದು ಒಂದು ಕದ್ದು ತೆಗ್ದಿದ್ದೀರಿ. ಚೆನ್ನಾಗೇ ತೆಗ್ದಿದ್ದೀರಿ. ಈಗ ಒಪ್ಕೊಳ್ಳೋಕೆ ಏನು?”

ಇವರ ಮುಖ ಕೆಂಪಾಯಿತು. ಎಂಥ ಕಷ್ಟದಲ್ಲೂ ಇನ್ನೊಬ್ಬರ ಸೂಜಿ ಮುಟ್ಟದ ಮನುಷ್ಯ. ನಾನು ಆರು ತೆಗೆದು ಏಳಕ್ಕೆ ತಿರುಗಿಸಿ ಕೊಟ್ಟವನು, ಕಳ್ಳ ಎಂದರೆ ಇವತ್ತೇ ಈ ಕ್ಯಾಮರಾ ಇಲ್ಲೇ ಇಟ್ಟು ಹೋಗುತ್ತೇನೆ, ನಿನ್ನ ಮನೆಯ ನೆರಳೂ ಬೇಡ ಎಂದರು. ಬೇಡದಿದ್ದರೆ ಬಿಡಿ ಎಂದ ತಮ್ಮ. ದನಿಗಳು ಬೀದಿಗೆ ಕೇಳುವಷ್ಟಾದವು.

ಯಜಮಾನರು ಎರಡೂ ಕೈ ಎತ್ತಿ ಸುಮ್ಮನಾಗಿಸಿದರು. ಕ್ಯಾಮರಾವನ್ನು ಹೊಟ್ಟೆಯ ಹತ್ತಿರ ಹಿಡಿದುಕೊಂಡು ನಿಲ್ಲಿ ಎಂದು ಇಬ್ಬರಿಗೂ ಸರದಿಯಂತೆ ಹೇಳಿದರು. ಏಣಿಯಂಥ ಗಂಡಸರು ಇಬ್ಬರೂ. ಲೆನ್ಸು ಮೇಜಿಗಿಂತ ಒಂದು ಗೇಣು ಮೇಲಿತ್ತು.

“ಚಿತ್ರದಲ್ಲಿ ಕನ್ನಡಿ ಕೆಳಗಿನ ಹಲಗೆ ನೋಡಿ. ಬರೀ ಒಂದು ಗೆರೆ, ಅಂದ್ರೆ ಲೆನ್ಸು ಅದರ ಮಟ್ಟಕ್ಕೇ ಇತ್ತು. ಆ ಅಂಗಡಿ ನಂಗೊತ್ತು, ಹಲಗೆ ಈ ಮೇಜಿನಷ್ಟೇ ಎತ್ತರ. ನಿಮ್ಮಿಬ್ರಲ್ಲಿ ಯಾರು ತೆಗ್ದಿದ್ರೂ ಅದರ ಮೇಲಿನ ಬಾಚಣಿಗೆ ಕಾಣ್ಬೇಕಿತ್ತು. ಇದನ್ನ ತೆಗ್ದಿರೋರು ನಿಮಗಿಂತ ಗಿಡ್ಡ.”

ಮಂಡಿ ಊರಿ ತೆಗೆದಿರಬಹುದಲ್ಲ ಎಂದರು ಇವರು, ತಮ್ಮನ ಪರವಾಗಿ. ಇವರ ಮಂಡಿ ನೋವು ಊರಿಗೇ ಗೊತ್ತಿರುವುದರಿಂದ ತಮ್ಮನಿಗೆ ಆ ವಾದವನ್ನು ಇವರ ಮೇಲೆ ತಿರುಗಿಸಲಾಗಲಿಲ್ಲ. ಯಜಮಾನರು ನನ್ನ ಕಡೆ ನೋಡಲೇ ಇಲ್ಲ. ಗಾಜು ಒರೆಸುವ ಬಟ್ಟೆ ಹುಡುಕತೊಡಗಿದರು. ಗೊತ್ತಿದ್ದೂ ಬಿಟ್ಟುಕೊಡದ ದೊಡ್ಡತನ ಅದು.

“ಏಳನೇದು ನಂದು,” ಎಂದೆ.

ಇಬ್ಬರೂ ತಿರುಗಿದರು. ಬೈಗುಳಕ್ಕೆ ಕಾದು ನಿಂತೆ. ಕ್ಷೌರದ ಅಂಗಡಿ, ತಪ್ಪಿದ ಬಸ್ಸು, ಎಲ್ಲ ಹೇಳಿದೆ. ಇವರು ಚಿತ್ರ ನೋಡಿದರು, ನನ್ನನ್ನು ನೋಡಿದರು, ಕೊನೆಗೆ ಶಟರ್ ಎಷ್ಟರಲ್ಲಿಟ್ಟು ತೆಗೆದೆ ಎಂದು ಮಾತ್ರ ಕೇಳಿದರು. ಬಾಗಿಲೊಳಗಿನ ಬೆಳಕಿಗೆ ಸೆಕೆಂಡಿನ ಮೂವತ್ತನೇ ಒಂದು ಪಾಲು ಎಂದೆ. ಅದು ಅಪ್ಪನ ಲೆಕ್ಕವಲ್ಲವೇ ಎಂದ ತಮ್ಮ, ದನಿ ಸಣ್ಣದಾಗಿತ್ತು.

“ಅಕ್ಕಾ, ಅಪ್ಪ ನಿಂಗೆ ಇದೆಲ್ಲ ಯಾವಾಗ ಹೇಳ್ಕೊಟ್ರು?”

“ನಿಂಗೆ ಹೇಳ್ಕೊಡುವಾಗ. ನಾನೂ ಅಲ್ಲೇ ಇದ್ನಲ್ಲ.”

ಅವನು ತಲೆ ತಗ್ಗಿಸಿದ. ನನ್ನ ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲು ಹೋಗಲಿಲ್ಲ. ಯಜಮಾನರು ಪೆನ್ನು ಕೊಟ್ಟರು. ಯಾರ ಮಗಳೆಂದೂ ಯಾರ ಹೆಂಡತಿಯೆಂದೂ ಸೇರಿಸದೆ ಬರೀ ನನ್ನ ಹೆಸರು ಬರೆದೆ. ಐದು ರೋಲಿನ ಪೊಟ್ಟಣ ನನ್ನ ಚೀಲ ಸೇರಿತು.

ಬಸ್ ನಿಲ್ದಾಣದವರೆಗೆ ಇಬ್ಬರೂ ನನ್ನ ಹಿಂದೆ ಬಂದರು. ಅರವತ್ತರಲ್ಲಿ ತಮಗೆ ಎಷ್ಟೆಷ್ಟು ಬರಬಹುದು ಎಂಬುದರ ಮೇಲೆ ಭಾವ ಭಾವಮೈದುನರ ನಡುವೆ ಭಾರೀ ಚರ್ಚೆ. ಮೊದಲು ಹಿರಿಯರಿಗೆ ಎಂದರು ಇವರು, ತೊಳೆಯುವವನು ನಾನು ಎಂದ ಅವನು, ಯಾವ ದ್ರಾವಣ ಒಳ್ಳೆಯದು ಎಂಬಲ್ಲಿಗೆ ಹೋಗಿ ಮತ್ತೆ ಅಲ್ಲಿಗೇ ಬಂದರು. ನಾಲ್ಕು ವರ್ಷದ ಬಾಕಿಯನ್ನೆಲ್ಲ ಒಂದೇ ಬೀದಿಯಲ್ಲಿ ತೀರಿಸುವ ಅವಸರ.

ನಾನು ನಿಲ್ದಾಣದ ಬೆಂಚಿನ ಮೇಲೆ ಕೂತು ಕ್ಯಾಮರಾ ಇತ್ತ ಕೊಡಿ ಎಂದೆ. ಇವರು ಹೆಗಲಿಂದ ಇಳಿಸಿ ಕೊಟ್ಟರು. ಪೊಟ್ಟಣ ಒಡೆದು ನೆರಳಿನಲ್ಲಿ ಮೊದಲ ರೋಲು ತುಂಬಿದೆ, ಮುಚ್ಚಿದೆ, ಕೆಂಪು ಕಿಟಕಿಯಲ್ಲಿ ಒಂದು ಬರುವವರೆಗೆ ತಿರುಗಿಸಿದೆ. ಅಷ್ಟರಲ್ಲಿ ಇಬ್ಬರೂ ಮಾತು ನಿಲ್ಲಿಸಿ ನನ್ನ ಬಾಯಿಯನ್ನೇ ನೋಡುತ್ತಿದ್ದರು.

ಹಂಚಿಕೆಯ ಮಾತು ಎರಡನೆಯ ರೋಲಿನಿಂದ, ಇದರಲ್ಲಿ ಹನ್ನೆರಡೂ ನನ್ನವು ಎಂದೆ.