ಸನ್ನೆಕೋಲೋ ಹಿಡಿಯೋ

ಹಿರಿಸೊಸೆ, ಕಿರಿಸೊಸೆ ಇಬ್ಬರೂ ಅನುವಾದಕರು. ಒಂದೇ ಮನೆ, ಒಂದೇ ಕಂಪನಿಯ ಕೆಲಸ. ಮಾತು ಮಾತ್ರ ಇರಲಿಲ್ಲ. ಕಿರಿಯಳಿಗೆ ಮಗು ಹುಟ್ಟಿದ ಮೇಲೆ ಮಹಡಿಯ ಬೆಳಕಿನ ಕೋಣೆ ಅವಳ ಪಾಲಾಗಿ, ಹಿರಿಯಳ ಮೇಜು ಮೆಟ್ಟಿಲ ಕೆಳಗಿನ ಮೂಲೆಗೆ ಬಂದಿತ್ತು. ಅಂದಿನಿಂದ ಏನು ಹೇಳುವುದಿದ್ದರೂ ಅತ್ತೆಯ ಮೂಲಕವೇ. "ನಾನೇನು ಅಂಚೆಯಣ್ಣನಾ?" ಎಂದು ಅತ್ತೆ ಒಮ್ಮೆ ಕೇಳಿದ್ದರು.

ಆಗ ಬಂದದ್ದು ಆಸ್ಪತ್ರೆ ಮಂಚದ ಕೈಪಿಡಿ. ಕಂಪನಿ ಅದನ್ನು ಇಬ್ಬರಿಗೂ ಅರ್ಧರ್ಧ ಹಂಚಿತು. ಇಬ್ಬರೂ ಬಳಸುತ್ತಿದ್ದ ತಂತ್ರಾಂಶದ ಅನುವಾದ ಸ್ಮೃತಿ ಒಂದೇ. ಒಬ್ಬಳು ಮುಗಿಸಿದ ವಾಕ್ಯ ಅದರಲ್ಲಿ ಉಳಿಯುತ್ತಿತ್ತು. ಅದೇ ವಾಕ್ಯ ಇನ್ನೊಬ್ಬಳಿಗೆ ಎದುರಾದರೆ ತಂತ್ರಾಂಶ ಹಳೆಯ ಅನುವಾದವನ್ನು ತಂದು ಮುಂದಿಟ್ಟು, 'ನೂರಕ್ಕೆ ನೂರು ಹೊಂದಿಕೆ' ಎನ್ನುತ್ತಿತ್ತು.

ಇಂಗ್ಲಿಷಿನಲ್ಲಿ 'ಲಿವರ್' ಎಂದಿದ್ದ ಕಡೆ ಹಿರಿಯಳು 'ಸನ್ನೆಕೋಲನ್ನು ಕೆಳಕ್ಕೆ ಒತ್ತಿರಿ' ಎಂದು ಬರೆದಳು. ಕಿರಿಯಳು ಅದನ್ನು ಅಳಿಸಿ 'ಹಿಡಿಯನ್ನು ಒತ್ತಿರಿ' ಎಂದಳು. ಮರುದಿನ ಸ್ಮೃತಿಯಲ್ಲಿ ಮತ್ತೆ ಸನ್ನೆಕೋಲು. ಮಧ್ಯಾಹ್ನಕ್ಕೆ ಮತ್ತೆ ಹಿಡಿ. ಅಡುಗೆಮನೆಯಲ್ಲಿ ಆಡದ ಜಗಳ ಅಲ್ಲಿ ವಾರವಿಡೀ ನಡೆಯಿತು.

ಒಂದೇ ಪುಟದಲ್ಲಿ ಎರಡೂ ಪದಗಳಿದ್ದ ಕೈಪಿಡಿ ವಾಪಸು ಬಂತು. ಕಂಪನಿಯ ಮ್ಯಾನೇಜರ್ ಹಿರಿಯಳಿಗೆ ಫೋನ್ ಮಾಡಿದರು.

"ಒಂದೇ ಮನೇಲಿದೀರಲ್ಲ ಮೇಡಂ, ಮಾತಾಡ್ಕೊಂಡು ಒಂದು ಪದ ಇಟ್ಕೊಳ್ಳಿ. ಆಗಲ್ಲ ಅಂದ್ರೆ ಬೇರೆಯವರಿಗೆ ಕೊಡ್ತೀನಿ."

ಅದೇ ಮಾತು ಕಿರಿಯಳಿಗೂ ಹೋಗಿರಬೇಕು. ಅವಳು ಕಂಕುಳಲ್ಲಿ ಮಗು, ಕೈಯಲ್ಲಿ ಲ್ಯಾಪ್‌ಟಾಪ್ ಹಿಡಿದು ಕೆಳಗಿಳಿದಳು.

"ಸನ್ನೆಕೋಲು ಅಂದ್ರೆ ನರ್ಸಮ್ಮಂಗೆ ಏನು ತಿಳಿಯುತ್ತೆ ಅಕ್ಕ?"

"ನನ್ನ ಪಾಲಿನ ಪುಟಗಳಲ್ಲಿ ಮಂಚದ ಪಕ್ಕದ ಕಂಬಿಗೂ ಒಂದು ಹಿಡಿ ಬರುತ್ತೆ. ಯಾವ ಹಿಡಿ ಅಂತ ಗೊತ್ತಾಗ್ಬೇಕಲ್ಲ."

ಕಿರಿಯಳಿಗೆ ಅದು ಹೊಳೆದಿರಲಿಲ್ಲ. ತಂತ್ರಾಂಶ ತೋರಿಸುತ್ತಿದ್ದದ್ದು ಬರೀ ವಾಕ್ಯಗಳನ್ನು. ಚಿತ್ರಗಳು ಬೇರೆ ಕಡತದಲ್ಲಿದ್ದವು. ಪದದ ಮೇಲಿನ ಹಟದಲ್ಲಿ ಇಬ್ಬರೂ ಅದನ್ನು ತೆರೆದೇ ಇರಲಿಲ್ಲ. ಕಿರಿಯಳು ಈಗ ತೆರೆದಳು. ಮಂಚದ ಅಡಿಯಲ್ಲಿ ಉದ್ದನೆಯ ಒಂದು ಪಟ್ಟಿ. ಅದರ ಮೇಲೆ ಶೂ ತೊಟ್ಟ ಕಾಲು.

ಹಿರಿಯಳೂ ಬಗ್ಗಿ ನೋಡಿದಳು.

"ಕಾಲಲ್ಲಿ ತುಳಿಯೋದು," ಎಂದಳು ಕಿರಿಯಳು. "ಹಾಗಾದ್ರೆ 'ಕಾಲು ಹಿಡಿ' ಅನ್ನೋಣ್ವಾ?"

"ನಾನಂತೂ ಯಾರ ಕಾಲೂ ಹಿಡಿಯಲ್ಲ," ಎಂದಳು ಹಿರಿಯಳು.

ಕಿರಿಯಳು ನಕ್ಕುಬಿಟ್ಟಳು. ಹಿರಿಯಳು ನಗದೆ ಪಕ್ಕದ ಕುರ್ಚಿಯ ಮೇಲಿದ್ದ ನಿಘಂಟುಗಳನ್ನು ಎತ್ತಿ ನೆಲಕ್ಕಿಟ್ಟಳು. ಕಿರಿಯಳು ಕೂತಳು. 'ಪೆಡಲ್ ತುಳಿಯಿರಿ' ಎಂದು ಇಬ್ಬರೂ ಒಪ್ಪಿದರು. ಸ್ಮೃತಿಯಲ್ಲಿದ್ದ ಸನ್ನೆಕೋಲು, ಹಿಡಿಗಳನ್ನೆಲ್ಲ ಒಬ್ಬಳು ಹುಡುಕಿ ಓದಿದಳು, ಒಬ್ಬಳು ತಿದ್ದಿದಳು. ಕಂಬಿಯ ಹಿಡಿ ಹಿಡಿಯಾಗಿಯೇ ಉಳಿಯಿತು.

ಕೋಣೆಯ ವಿಷಯ ಅಂದು ಬರಲಿಲ್ಲ, ಆಮೇಲೂ ಬರಲಿಲ್ಲ. ಕೈಪಿಡಿ ಒಪ್ಪಿಗೆಯಾಗಿ ಮುಂದಿನ ಕೆಲಸವಾಗಿ ಬಟ್ಟೆ ಒಗೆಯುವ ಯಂತ್ರದ್ದು ಬಂತು. ಕಿರಿಯಳು ತಾನಾಗಿಯೇ ಚಿತ್ರಗಳ ಕಡತ ತೆರೆದಿಟ್ಟ ಲ್ಯಾಪ್‌ಟಾಪ್, ಮಗು ಎರಡನ್ನೂ ಎತ್ತಿಕೊಂಡು ಮೆಟ್ಟಿಲಿಳಿದಳು. ಮಗು ಹಿರಿಯಳ ಬೆರಳನ್ನು ಎಳೆದು ಬಾಯಿಗಿಟ್ಟುಕೊಂಡಿತು.

"ಹಲ್ಲು ಬರ್ತಿದೆ ಇದಕ್ಕೆ. ನೋಡಿದ್ಯಾ?" ಎಂದಳು ಹಿರಿಯಳು.

"ಎಲ್ಲಿ?" ಎಂದು ಕಿರಿಯಳು ಬಗ್ಗಿದಳು.