ಹಿಂದಿನ ಕೋಣೆಯ ಲೆಕ್ಕ

ಮನೆಯಲ್ಲಿ ಏನೇನಿದೆ ಎಂದು ಹೊರಗಿನವರು ಕೇಳಿದರೆ ನಮ್ಮ ಬೆನಿನ್ ಊರಿನಲ್ಲಿ ಯಾರೂ ನಿಜ ಹೇಳುವುದಿಲ್ಲ. ಕೇಳಿದವನು ಕಳ್ಳನಿರಬಹುದು, ಕಳ್ಳನ ಭಾವಮೈದುನನಿರಬಹುದು, ಅದೂ ಅಲ್ಲದಿದ್ದರೆ ಹೊಟ್ಟೆಕಿಚ್ಚಿನ ನೆಂಟನಂತೂ ಇದ್ದೇ ಇರುತ್ತಾನೆ. ಆದರೆ ಜನರೇಟರ್ ಕೊಡಿಸುವವನಿಗೆ ಬೇರೆ ಪ್ರಶ್ನೆಯೇ ಗೊತ್ತಿಲ್ಲ.

"ಮನೇಲಿ ಏನೇನಿದೆ, ಮೇಡಂ?" ಎಂದ ಎಂಜಿನಿಯರ್ ಓಗಿಯೆವಾ. ಸ್ಪ್ಯಾನರ್ ಹಿಡಿದವರೆಲ್ಲ ಇಲ್ಲಿ ಎಂಜಿನಿಯರುಗಳೇ.

"ಏನಿರುತ್ತೆ? ಬಡವರ ಮನೆ. ನಾಲ್ಕು ಬಲ್ಬು, ಎರಡು ಫ್ಯಾನು, ಒಂದು ಫ್ರಿಜ್ಜು."

"ನೀರಿನ ಪಂಪು?"

ಅವನ ಕಣ್ಣು ಬೋರ್‌ವೆಲ್ ಮೇಲೆಯೇ ಇತ್ತು. ಒಪ್ಪಿಕೊಳ್ಳಬೇಕಾಯಿತು.

"ಹಿಂದಿನ ಕೋಣೇಲಿ?"

ನಾನು ದಾರಿಗೆ ಅಡ್ಡ ನಿಂತೆ. "ಅಲ್ಲೇನಿದೆ? ಏನೂ ಇಲ್ಲ! ಒಂದು ರೇಡಿಯೋ, ಅದೂ ಸೆಲ್ಲಿಂದು. ಅಲ್ಲಿಗೆ ಯಾಕೆ ಹೋಗ್ತೀಯ ನೀನು?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು ನನ್ನ ಪಾಡು. ಅವನು ಮಾತ್ರ ತಲೆ ಕೆರೆದುಕೊಂಡು ನಿಧಾನವಾಗಿ ಹೇಳಿದ: "ಪಂಪು ಓಡೋವಾಗ ಎಳೆಯೋ ಕರೆಂಟೇ ಬೇರೆ, ಶುರುವಾಗೋವಾಗ ಎಳೆಯೋದೇ ಬೇರೆ. ಎದ್ದೇಳೋವಾಗ ಮೂರು ಪಟ್ಟು ಕೇಳುತ್ತೆ. ನೀವು ಹೇಳಿದಷ್ಟೇ ಆದ್ರೆ ಮೂರೂವರೆ ಕೆವಿಎ ಶಕ್ತಿಯ ಜನರೇಟರ್ ಸಾಕು. ಇನ್ನೇನಾದ್ರೂ ಇದ್ರೆ ಈಗ್ಲೇ ಹೇಳ್ಬಿಡಿ, ಐದಕ್ಕೆ ಹೋಗೋಣ."

ಮೂರಂತೆ, ಐದಂತೆ! ಬಟ್ಟೆ ಉಳಿಸಿಕೊಳ್ಳುವ ದರ್ಜಿಯೂ ಹೀಗೇ ಒಂದು ಗಜ ಜಾಸ್ತಿ ಹೇಳುತ್ತಾನೆ. ಸಾಲದ್ದಕ್ಕೆ ಇವನನ್ನು ಕಳಿಸಿದ್ದು ಪಕ್ಕದ ಮನೆಯ ಓಮೊಸೆದೆಯ ತಾಯಿ. ಅಲ್ಲಿಗೆ ನನ್ನ ಅನುಮಾನ ಇಮ್ಮಡಿಯಾಯಿತು.

ಓಮೊಸೆದೆ ಮದುವೆಯಾಗಿ ಹೋದ ಮೇಲೆ ಆ ಮನೆಯಲ್ಲಿ ಇರುವುದು ಗಂಡ ಹೆಂಡತಿ ಇಬ್ಬರೇ. ಗಂಡ ಅಂಚೆ ಕಚೇರಿಯಿಂದ ನಿವೃತ್ತ. ಸಂಜೆಗೆ ಎರಡು ಬಲ್ಬು ಉರಿದರೆ ಹಬ್ಬ. ಅಂಥವರು ಹೋದ ತಿಂಗಳು ಒಂದು ಸಣ್ಣ ಹೋಟೆಲು ನಡೆಸುವಷ್ಟು ದೊಡ್ಡ ಜನರೇಟರ್ ತಂದು ಅಂಗಳದಲ್ಲಿ ಕೂರಿಸಿದ್ದರು. ಗೋಡೆಯ ಮೊಳೆಗೆ ಕಿತ್ತಳೆ ಬಣ್ಣದ ಉದ್ದನೆಯ ವೈರನ್ನೂ ಸುತ್ತಿ ನೇತುಹಾಕಿದ್ದರು. ಬೀದಿಗೆಲ್ಲ ಕರೆಂಟು ಮಾರುವ ಹುನ್ನಾರ ಎಂದುಕೊಂಡೆ.

"ಇಬ್ಬರಿಗೆ ಇಷ್ಟು ದೊಡ್ಡದು ಯಾಕಮ್ಮಾ?" ಎಂದು ಗೋಡೆಯಾಚೆಯಿಂದ ಕೇಳಿದ್ದೆ.

"ಇರ್ಲಿ ಬಿಡೇ ಎಸೋಸಾ, ಬೇಕಾಗುತ್ತೆ," ಎಂದು ನಕ್ಕಿದ್ದಳು. ಆ ನಗು ನನಗೆ ಒಂಚೂರೂ ಹಿಡಿಸಲಿಲ್ಲ.

ಹಿಂದಿನ ಕೋಣೆಯಲ್ಲಿ ಅಪ್ಪ ಇದ್ದರು. ಅವರ ಶ್ವಾಸಕೋಶ ಕೆಟ್ಟು ಅರ್ಧ ವರ್ಷವಾಗಿತ್ತು. ಗಾಳಿಯಿಂದ ಆಮ್ಲಜನಕ ಸೋಸಿ ಕೊಡುವ ಯಂತ್ರವೊಂದು ಮಂಚದ ಪಕ್ಕದಲ್ಲಿ ಗುಂಯ್‌ಗುಟ್ಟುತ್ತಿತ್ತು. ಅದು ನಿಂತರೆ ಅವರ ತುಟಿ ನೀಲಿಯಾಗುತ್ತಿತ್ತು. ಇದು ಹೊರಗೆ ಯಾರಿಗೂ ಗೊತ್ತಾಗಬಾರದಿತ್ತು. ತಂದೆ ಕೊನೆಯುಸಿರೆಳೆದ ಮನೆ ಹಿರಿಯ ಮಗನಿಗೆ ಎನ್ನುವುದು ನಮ್ಮ ಪದ್ಧತಿ. ಹಿರಿಯ ಮಗ ಎಂದರೆ ಲಾಗೋಸಿನಲ್ಲಿರುವ ಅಮಾದಿನ್, ಅಪ್ಪನ ಮೊದಲ ಹೆಂಡತಿಯ ಮಗ. ಸುದ್ದಿ ತಿಳಿದರೆ ಮಂಚದ ಕಾಲ ಬಳಿ ಕುರ್ಚಿ ಹಾಕಿಕೊಂಡು ಕೂರುವವನು ಅವನು.

"ನಾನಿನ್ನೂ ಉಸಿರಾಡ್ತಿರೋವಾಗ ಅವನು ನನ್ನ ಕಿಟಕಿ ಬಾಗಿಲು ಅಳೆಯೋದು ಬೇಡ ಮಗಳೇ," ಎಂದಿದ್ದರು ಅಪ್ಪ. ಮನೆ ಹೋಗುವುದಾದರೆ ಹೋಗಲಿ. ಅಪ್ಪ ಆ ಅವಮಾನ ನೋಡುತ್ತಾ ಸಾಯುವುದು ನನಗೆ ಬೇಡವಾಗಿತ್ತು. ಯಂತ್ರದ ಸದ್ದು ಮುಚ್ಚಲು ದಿನವಿಡೀ ರೇಡಿಯೋ ಜೋರಾಗಿ ಹಾಕಿಡುತ್ತಿದ್ದೆ. ಪಾದ್ರಿಗಳನ್ನು ಕಂಡರಾಗದ ಅಪ್ಪ ಬೆಳಗಿನಿಂದ ಪ್ರವಚನ ಕೇಳುತ್ತಾ ಮಲಗಿರುತ್ತಿದ್ದರು.

ಹಳೆಯ ಇನ್ವರ್ಟರ್ ಸತ್ತಿದ್ದರಿಂದ ಜನರೇಟರ್ ತರಲೇಬೇಕಿತ್ತು. ಓಗಿಯೆವಾನನ್ನು ಬಿಟ್ಟು ನಾನೇ ಮಾರುಕಟ್ಟೆಗೆ ಹೋದೆ. ಅಪ್ಪನ ಯಂತ್ರವನ್ನೂ ಸೇರಿಸಿ ಮನಸ್ಸಿನಲ್ಲೇ ಕೂಡಿಸಿದೆ. ಎಲ್ಲ ಸೇರಿ ಎರಡೂವರೆ ಕೆವಿಎ ಧಾರಾಳವಾಯಿತು. ಶುರುವಾಗುವಾಗ ಮೂರು ಪಟ್ಟು ಎಂಬುದು ವ್ಯಾಪಾರದ ಮಾತು ಎಂದು ಬಿಟ್ಟುಬಿಟ್ಟೆ. ಚಿಕ್ಕದಿದ್ದರೆ ಗೋಡೆಯಾಚೆಯಿಂದ 'ನಮಗೂ ಒಂದು ಲೈನು ಕೊಡಿ' ಎಂದು ಯಾರೂ ಕೇಳುವುದಿಲ್ಲ, ಅದೊಂದು ಲಾಭ.

ಮುಂದಿನ ವಾರವೇ ಟ್ರಾನ್ಸ್‌ಫಾರ್ಮರ್ ಸುಟ್ಟು ಬೀದಿಗೆಲ್ಲ ಕರೆಂಟು ಹೋಯಿತು. ನನ್ನ ಜನರೇಟರ್ ಚೆನ್ನಾಗಿಯೇ ಓಡಿತು. ನೋಡು ಓಗಿಯೆವಾ, ಎಂದು ಮನಸ್ಸಿನಲ್ಲೇ ಬೀಗಿದೆ. ಮಧ್ಯಾಹ್ನ ಗೆಣಸು ಬೇಯಿಸಲು ಹೋದರೆ ನಲ್ಲಿಯಲ್ಲಿ ನೀರಿಲ್ಲ. ಪಂಪಿನ ಸ್ವಿಚ್ಚು ಒತ್ತಿದೆ.

ಜನರೇಟರ್ ಒಮ್ಮೆ ನರಳಿತು. ಬಲ್ಬು ಕೆಂಪಗಾಯಿತು. ಸುಟ್ಟ ವಾಸನೆ ಬಂತು, ಕಪ್ಪು ಹೊಗೆ ಎದ್ದಿತು, ಎಲ್ಲವೂ ನಿಂತಿತು. ಹಿಂದಿನ ಕೋಣೆಯಿಂದ, ಕರೆಂಟು ತಪ್ಪಿದಾಗ ಯಂತ್ರ ಹಾಕುವ ಎಚ್ಚರಿಕೆಯ ಕೂಗು ಕೇಳಿಸಿತು.

ಓಡಿದೆ. ಇದ್ದ ಒಂದೇ ಆಮ್ಲಜನಕದ ಸಿಲಿಂಡರ್ ಹಿಂದಿನ ವಾರವೇ ಖಾಲಿಯಾಗಿತ್ತು. ಅಪ್ಪ ಎದ್ದು ಕೂತು ಎರಡೂ ಕೈಯಿಂದ ಹಾಸಿಗೆ ಹಿಡಿದುಕೊಂಡಿದ್ದರು. ರೇಡಿಯೋದಲ್ಲಿ ಪಾದ್ರಿ ಮಾತ್ರ ಅರಚುತ್ತಲೇ ಇದ್ದ. ಕಿಟಕಿ ತೆರೆದು ಕೂಗಲು ಬಾಯಿ ತೆಗೆದೆ, ಮತ್ತೆ ಮುಚ್ಚಿಕೊಂಡೆ. ಕೂಗಿದರೆ ಬೀದಿಗೆಲ್ಲ ಗೊತ್ತಾಗುತ್ತದೆ. ಇಷ್ಟು ಹೊತ್ತಿನಲ್ಲೂ ನಾನು ಯೋಚಿಸಿದ್ದು ಅದನ್ನು. ಅಪ್ಪನ ತುಟಿ ನೋಡಿದೆ.

"ಅಮ್ಮಾ! ಓಮೊಸೆದೆಯಮ್ಮಾ! ಬನ್ನಿ, ಅಪ್ಪ!" ಎಂದು ಗಂಟಲು ಹರಿಯುವಂತೆ ಕೂಗಿದೆ.

ಆಚೆ ದೊಡ್ಡ ಜನರೇಟರ್ ಆಗಲೇ ಗುಡುಗುತ್ತಿತ್ತು. ಗೋಡೆಯ ಮೇಲಿಂದ ಕಿತ್ತಳೆ ವೈರು ಬಂದು ಬಿತ್ತು. ಓಮೊಸೆದೆಯ ತಾಯಿ ಚಪ್ಪಲಿಯೂ ಇಲ್ಲದೆ ಗೇಟು ದಾಟಿ ಬಂದಳು. ಏನು, ಯಾಕೆ ಎಂದು ಕೇಳಲಿಲ್ಲ. ವೈರು ಎಳೆದುಕೊಂಡು ಕಿಟಕಿಯೊಳಗೆ ತಂದು ಯಂತ್ರಕ್ಕೆ ಸಿಕ್ಕಿಸಿದಳು. ಅದರ ಉದ್ದ ಮಂಚದವರೆಗೆ ಸರಿಯಾಗಿತ್ತು, ಒಂದು ಗೇಣೂ ಹೆಚ್ಚಿಲ್ಲ, ಕಡಿಮೆಯಿಲ್ಲ.

ಯಂತ್ರ ಗುಂಯ್ ಎಂದಿತು. ಅಪ್ಪನ ಭುಜ ನಿಧಾನವಾಗಿ ಇಳಿಯಿತು. ನಾನು ನೆಲದ ಮೇಲೆ ಕೂತು ಆ ವೈರನ್ನೇ ನೋಡಿದೆ.

"ನಿಮಗೆ... ನಿಮಗೆ ಗೊತ್ತಿತ್ತಾ?"

"ನಮ್ಮ ನಡುವೆ ಇರೋದು ಒಂದೇ ಇಟ್ಟಿಗೆ ಗೋಡೆ ಕಣೇ. ಪ್ರವಚನದ ಹಿಂದೆ ಗುಂಯ್ ಅನ್ನೋದು ಮೊದಲ ವಾರದಿಂದ್ಲೇ ಕೇಳಿಸ್ತಿದೆ," ಎಂದಳು ಅಪ್ಪನ ಬೆನ್ನು ಸವರುತ್ತಾ. "ಇಬ್ಬರಿಗೆ ಅಷ್ಟು ದೊಡ್ಡದು ಯಾಕೆ ಅಂದೆಯಲ್ಲ? ಇವರ ಮೆಷಿನ್ನನ್ನೂ ನಮ್ಮ ಲೆಕ್ಕಕ್ಕೇ ಹಾಕು ಅಂತ ಓಗಿಯೆವಾಗೆ ಹೇಳಿದ್ವಿ. ನೀನಾಗಿ ಬಾಯಿ ಬಿಡೋವರೆಗೂ ಸುಮ್ನಿರು ಅಂತ್ಲೂ ಹೇಳಿದ್ವಿ."

ನಾಚಿಕೆಯಿಂದ ನನ್ನ ಮೈ ಹಿಡಿಯಾಯಿತು. ಆದರೂ ನನ್ನ ಬುದ್ಧಿ ಎಲ್ಲಿಗೆ ಹೋದೀತು? "ಅಮಾದಿನ್‌ಗೆ ಯಾರಾದರೂ...?"

"ಹೋದ ತಿಂಗಳು ನಮ್ಮ ಮನೆಯವರಿಗೆ ಫೋನ್ ಮಾಡಿದ್ದ. ಅಪ್ಪ ಹೇಗಿದ್ದಾರೆ ಅಂದ. ಹಿತ್ತಲಲ್ಲಿ ಗೆಣಸು ಅಗೀತಿದ್ದಾರೆ, ಕೈ ಬಿಡುವಿಲ್ಲ, ಆಮೇಲೆ ಮಾಡು ಅಂದ್ರು."

ಅಪ್ಪ ನಕ್ಕರು. ನಗುವಿಗೆ ಉಸಿರು ಸಾಲದೆ ಕೆಮ್ಮಿದರು, ಮತ್ತೆ ನಕ್ಕರು. ನಾನು ಅವಳ ಮಣ್ಣು ಮೆತ್ತಿದ ಕಾಲು ಹಿಡಿದುಕೊಂಡು ಅತ್ತೆ. ಅಪ್ಪ ಬೆರಳಿನಿಂದ ನನ್ನ ತಲೆ ತಟ್ಟಿದರು.

"ಎಸೋಸಾ," ಎಂದರು, "ಇನ್ನಾದ್ರೂ ಆ ರೇಡಿಯೋ ಆರಿಸಮ್ಮ."