ಮಣ್ಣು ತಣ್ಣಗಾಗಲಿ

ಲವೋನ್ ಡಬ್ಬಿಯ ಮುಚ್ಚಳ ತೆಗೆದು ಬೀಜಕ್ಕೆ ಕೈ ಹಾಕಿಯೇಬಿಟ್ಟಿದ್ದಳು. ಆರ್ಡಿಸ್ ಅವಳ ಮಣಿಕಟ್ಟು ಹಿಡಿದಳು.

"ಬೇಡ. ಇವತ್ತಲ್ಲ."

"ಮತ್ತಿನ್ಯಾವತ್ತು ಅತ್ತಿಗೆ? ನಾಳೆ ನಾನು ಫಾರ್ಗೋಗೆ ಹೊರಟೆ. ನಿನಗೋ ಮಂಡಿ ಬಗ್ಗಲ್ಲ. ಹಿಮ ಬಿದ್ರೆ ಈ ಗುಡ್ಡ ಹತ್ತೋಕೂ ಆಗಲ್ಲ ನಿನಗೆ. ನನ್ನ ಗೋರಿ ಮೇಲೆ ಈ ಬೀಜ ಬಿತ್ತಿ ಅಂತ ಅಣ್ಣ ಬಾಯಿಬಿಟ್ಟು ಕೇಳಿದ್ದೇ ಇದೊಂದು."

ಗಂಡ ಲೊವೆಲ್‌ನ ಗುಂಡಿ ಮುಚ್ಚುವವರೆಗೂ ನಿಲ್ಲುತ್ತೇನೆಂದು ಆರ್ಡಿಸ್ ಹಟ ಹಿಡಿದಿದ್ದಳು. ಉಳಿದವರೆಲ್ಲ ಪಾದ್ರಿಯ ಹಿಂದೆ ಚರ್ಚಿನ ಕಡೆ ಇಳಿದಿದ್ದರು. ನವೆಂಬರ್ ನಡುವಾದರೂ ಮಿನೆಸೋಟದ ಆ ಊರಿನಲ್ಲಿ ಅಂದು ಬಿಸಿಲು. ಜನ ಕೋಟು ಕಳಚಿ ತೋಳಿಗೆ ಹಾಕಿಕೊಂಡಿದ್ದರು.

ಹೆಣಕ್ಕೆ ಹೆಗಲು ಕೊಟ್ಟಿದ್ದ ವೆಂಡೆಲ್ ಇನ್ನೂ ಕರಿಯ ಕೈಗವಸು ತೊಟ್ಟೇ ಇದ್ದ. ಅವನು ಪಕ್ಕದ ಮನೆಯವನು, ಸ್ಮಶಾನ ಸಮಿತಿಯ ಅಧ್ಯಕ್ಷ ಕೂಡ.

"ಏನದು ಡಬ್ಬೀಲಿ? ಅದೇ ಕಳೆನಾ?"

"ಕಳೆ ಅನ್ಬೇಡ. ನಮ್ಮ ಅಂಗಳದ್ದೇ ಹುಲ್ಲು, ಸೂಜಿಯೆಳೆ ಫೆಸ್ಕ್ಯೂ, ಜೇನಿಗೆ ಹೂ ಬಿಡೋ ಬಿಳಿ ಕ್ಲೋವರ್," ಎಂದಳು ಆರ್ಡಿಸ್.

"ನೋಡು ಆರ್ಡಿಸ್, ಮೇ ತಿಂಗಳಲ್ಲಿ ಎಲ್ಲರಿಗೂ ಹಾಸೋ ಚಾಪೆ ಹುಲ್ಲನ್ನೇ ಇವನಿಗೂ ಹಾಸ್ತೀವಿ. ನಿಯಮ ಅಂದ್ಮೇಲೆ ನಿಯಮ."

"ಮೂವತ್ತು ವರ್ಷ ಇಲ್ಲಿ ಆ ಚಾಪೆ ಕತ್ತರಿಸಿದ್ದು ಯಾರು? ನಮ್ಮಣ್ಣ ತಾನೇ?" ಎಂದಳು ಲವೋನ್.

*

ಮನೆ ಕೊಂಡ ಮೊದಲ ವರ್ಷವೂ ನವೆಂಬರ್‌ನಲ್ಲಿ ಹೀಗೇ ಬೆಚ್ಚಗಾಗಿತ್ತು. ಲೊವೆಲ್ ಅಂಗಳಕ್ಕೆಲ್ಲ ಬೀಜ ಎರಚಿದ. ಹತ್ತು ದಿನಕ್ಕೆ ಹಸಿರು ಕೂದಲಿನಂತೆ ಮೊಳಕೆ ಬಂತು. ಒಂದೇ ರಾತ್ರಿ ನೆಲ ಹೆಪ್ಪುಗಟ್ಟಿ ಅಷ್ಟೂ ಕಪ್ಪಾಯಿತು.

"ನಿನ್ನ ಹುಲ್ಲು ಸ್ವರ್ಗಕ್ಕೆ ಹೋಯ್ತಲ್ಲೋ!" ಎಂದು ವೆಂಡೆಲ್ ಬೇಲಿಯಾಚೆಯಿಂದ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ.

ಮರುವರ್ಷ ಲೊವೆಲ್ ದಿನಾ ಬೆಳಿಗ್ಗೆ ಬರಿಗೈಯನ್ನು ಮಣ್ಣಿಗೊತ್ತಿ, ಬೇಲಿಯಾಚೆಗೂ ಕೇಳುವಂತೆ ಎಣಿಸಿದ. ಅರವತ್ತು ದಾಟಿದರೂ ಕೈ ತಡೆದುಕೊಂಡರೆ, ಮಣ್ಣಿನ್ನೂ ಬೆಚ್ಚಗಿದೆಯೆಂದು ಬಿತ್ತದೆ ತಿಂಡಿಗೆ ಬರುತ್ತಿದ್ದ. "ಬೀಜ ಈಗ ಮಲಗಬೇಕು ಕಣೇ, ಏಳಬಾರದು. ಹಿಮದ ಕೆಳಗೆ ಮಲಗಿದ್ರೆ ವಸಂತಕ್ಕೆ ತಾನೇ ಏಳುತ್ತೆ." ಇಪ್ಪತ್ತು ಎಣಿಸುವಷ್ಟರಲ್ಲೇ ಚಳಿ ಕೊರೆದು ಕೈ ಎಳೆದುಕೊಂಡ ದಿನ ಬಿತ್ತಿದ.

ಮೂರನೆಯ ಬೇಸಿಗೆಗೆ ಅಂಗಳ ಗುಂಯ್‌ಗುಟ್ಟಿತು. ಜೇನ್ನೊಣ, ಮೈತುಂಬ ರೋಮದ ದಪ್ಪ ದುಂಬಿ. ಲೊವೆಲ್ ತಿಂಗಳಿಗೊಮ್ಮೆ, ಅದೂ ಎತ್ತರಕ್ಕೆ, ಹುಲ್ಲು ಕತ್ತರಿಸುತ್ತಿದ್ದ; ಆಚೆ ವೆಂಡೆಲ್ ವಾರಕ್ಕೆರಡು ಸಲ ಯಂತ್ರ ಓಡಿಸುತ್ತ ಬೈಯುತ್ತಿದ್ದ. ಆದರೆ ಜೇನು ಅತ್ತಲೂ ಹಾರತೊಡಗಿದ ಮೇಲೆ ವೆಂಡೆಲ್‌ನ ಸೇಬಿನ ಮರ ಕೊಂಬೆ ಬಾಗುವಷ್ಟು ಕಾಯಿ ಬಿಟ್ಟಿತು. ಪ್ರತಿ ಸೆಪ್ಟೆಂಬರ್‌ನಲ್ಲೂ ಒಂದು ಬುಟ್ಟಿ ಬೇಲಿ ದಾಟಿ ಬರುತ್ತಿತ್ತು. ಯಾಕೆಂದು ಅವನು ಹೇಳಲಿಲ್ಲ, ಲೊವೆಲ್ ಕೇಳಲೂ ಇಲ್ಲ.

*

ವೆಂಡೆಲ್ ಚರ್ಚಿನ ಕಡೆ ನೋಡಿದ. ಯಾರೂ ಇತ್ತ ನೋಡುತ್ತಿರಲಿಲ್ಲ.

"ಸರಿ, ಚೆಲ್ಲಿಬಿಡಿ ಈಗಲೇ. ನಾನು ನೋಡಿಲ್ಲ ಅಂದ್ಕೋತೀನಿ. ಮೇನಲ್ಲಿ ಸಮಿತಿಯವರಿಗೆ ಏನಾದ್ರೂ ಹೇಳೋಣ."

"ಕೇಳಿಸ್ತಾ ಅತ್ತಿಗೆ? ಬೇಗ!"

ಆರ್ಡಿಸ್ ಡಬ್ಬಿಯ ಮುಚ್ಚಳ ಒತ್ತಿ ಹಾಕಿದಳು.

"ಇವತ್ತು ಚೆಲ್ಲಿದ್ರೆ ಸಾಯುತ್ತೆ ವೆಂಡೆಲ್. ನೀನೇ ನೋಡಿ ನಕ್ಕಿದ್ದೆ. ದಿನಾ ಮಣ್ಣು ಮುಟ್ಟಿ ನೋಡೋರು ಬೇಕು. ನನಗೆ ಬಗ್ಗೋಕಾಗಲ್ಲ."

ಡಬ್ಬಿಯನ್ನು ಎರಡು ಕೈಯಲ್ಲಿ ಹಿಡಿದು ಅವನ ಮುಂದೆ ನಿಂತಳು.

ವೆಂಡೆಲ್ ಬಲಗೈಯ ಗವಸು ಕಳಚಿದ. ಹೊಸ ಮಣ್ಣಿನ ಪಕ್ಕ ಒಂದು ಮಂಡಿಯೂರಿ ಅಂಗೈ ಒತ್ತಿದ. ಅವನ ತುಟಿ ಅಲುಗುತ್ತಿತ್ತು. ಬಹಳ ಹೊತ್ತು ಅಲುಗಿತು.

"ಅರವತ್ತು ದಾಟ್ತು," ಎಂದ ತಲೆ ಎತ್ತದೆ. "ಮುಠ್ಠಾಳ ಇನ್ನೂ ಬೆಚ್ಚಗಿದಾನೆ."

ಎದ್ದು, ಮಣ್ಣಾದ ಕೈಯನ್ನೇ ಡಬ್ಬಿಗೆ ಚಾಚಿದ.

ಚರ್ಚಿನ ನೆಲಮಾಳಿಗೆಯಲ್ಲಿ ಕಾಫಿಗೂ ಹ್ಯಾಮ್ ಸ್ಯಾಂಡ್‌ವಿಚ್ಚಿಗೂ ಉದ್ದದ ಸಾಲಿತ್ತು. ಅಧ್ಯಕ್ಷರ ಪ್ಯಾಂಟಿನ ಒಂದು ಮಂಡಿ ಯಾಕೆ ಕೆಸರಾಗಿದೆಯೆಂದು ಯಾರೂ ಕೇಳಲಿಲ್ಲ. ಸಾಲು ಮುಂದಕ್ಕೆ ಸರಿದಾಗಲೆಲ್ಲ ಅವನ ಕೋಟಿನ ಜೇಬಿನೊಳಗೆ ಡಬ್ಬಿಯ ಬೀಜ ಸರಸರ ಎನ್ನುತ್ತಿತ್ತು.